ಚಿಕ್ಕ ಮಕ್ಕಳ ಕೈತೋಟ: ಬೆಂಗಳೂರಿನ ಕೈಗಾರಿಕಾ ಹೊರವಲಯಗಳಿಗೆ ತಕ್ಕ ಕ್ರಮಗಳು

ವ್ಯವಸಾಯವು ದೊಡ್ಡವರ ವೃತ್ತಿಯಾದರೂ ಅದರ ಮೊದಲನೆಯ ಪಾಠವು ಬಾಲ್ಯದಲ್ಲಿಯೇ ಆಗತಕ್ಕದ್ದು. ರೈತನ ಮನೆಯಲ್ಲಿ ಈ ಪಾಠಕ್ಕೆ ಪ್ರತ್ಯೇಕವಾದ ಏರ್ಪಾಡೇನೂ ಬೇಕಾಗಿರಲಿಲ್ಲ. ಮಗುವು ತಾಯಿಯ ಸಂಗಡ ಹೊಲಕ್ಕೆ ಹೋಗಿ, ರಾಗಿಯ ಪೈರಿನ ನಡುವಣ ಅಕ್ಕಡಿ ಸಾಲಿನಲ್ಲಿ ಅವರೆಯು ಹೂ ಬಿಡುವುದನ್ನು ಕಂಡು, ಕಾಯಿ ಬಿಡಿಸಿ, ಬೀಜಕ್ಕೆಂದು ಹಿರಿಯರು ಯಾವುದನ್ನು ಎತ್ತಿಡುವರೆಂಬುದನ್ನು ನೋಡಿಯೇ ಕಲಿಯುತ್ತಿತ್ತು. ಬೆಂಗಳೂರಿನ ಸುತ್ತಣ ಅನೇಕ ಗ್ರಾಮಗಳಲ್ಲಿ ಈ ಸ್ಥಿತಿಯು ಒಂದೆರಡು ತಲೆಮಾರುಗಳೊಳಗಾಗಿಯೇ ಮಾರ್ಪಟ್ಟಿರುವುದು.

ವೈಟ್‌ಫೀಲ್ಡ್ ಮೂಲತಃ ಬೇಸಾಯದ ನೆಲೆ. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಬೇಸಾಯದ ವಸಾಹತುಗಳಿಗಾಗಿ 3,900 ಎಕರೆ ಭೂಮಿಯನ್ನು ಕೊಟ್ಟರು. ಆ ಸಂಘದ ಮುಖಂಡರಾಗಿದ್ದ ಡಿ. ಎಸ್. ವೈಟ್ ಎಂಬವರ ಹೆಸರೇ ಊರಿಗೆ ನಿಂತಿತು. ಎಲೆಕ್ಟ್ರಾನಿಕ್ ಸಿಟಿಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯಿಂದ 1978ರಲ್ಲಿ ಸ್ಥಾಪಿತವಾಯಿತು. ಪೀಣ್ಯದ ಕೈಗಾರಿಕಾ ಪ್ರದೇಶವೂ ಅದೇ ದಶಕದ್ದು. ಈಗ ಅಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಕೆಲವರು ಎತ್ತರದ ಅಪಾರ್ಟ್‌ಮೆಂಟುಗಳಲ್ಲಿಯೂ, ಕೆಲವರು ಕಾರ್ಮಿಕರ ವಠಾರ ಮತ್ತು ತಗಡಿನ ಶೆಡ್ಡುಗಳಲ್ಲಿಯೂ ವಾಸಿಸುವರು. ಸ್ಥಿತಿಗತಿಗಳು ಬೇರೆಯಾದರೂ ಒಂದು ವಿಷಯದಲ್ಲಿ ಇವರೆಲ್ಲರೂ ಸಮಾನರು: ತಾವು ಉಣ್ಣುವ ಅನ್ನವು ನೆಲದಿಂದ ಬರುವ ಬಗೆಯನ್ನು ಕಣ್ಣಾರೆ ಕಾಣುವ ಅವಕಾಶವು ಇವರಿಗೆ ವಿರಳ.

ಈ ಕೊರತೆಯನ್ನು ನಾಲ್ಕು ಕುಂಡಗಳಿಂದಲಾದರೂ ತಕ್ಕಮಟ್ಟಿಗೆ ತುಂಬಬಹುದು. ಆದರೆ ಕೈಗಾರಿಕಾ ಪ್ರದೇಶದಲ್ಲಿ ಎರಡು ನಿಯಮಗಳನ್ನು ಬಿಡತಕ್ಕದ್ದಲ್ಲ. ಮೊದಲನೆಯದು, ಮಗುವು ಮುಟ್ಟುವ ಮಣ್ಣೂ ನೀರೂ ಶುದ್ಧವಾಗಿರಬೇಕು. ಎರಡನೆಯದು, ಪಾತಿಯು ಹೆಸರಿಗೆ ಮಾತ್ರವಲ್ಲದೆ ನಿಜವಾಗಿಯೂ ಮಗುವಿನದಾಗಿರಬೇಕು.

ಮಣ್ಣು. ಐದು ವರ್ಷದೊಳಗಿನ ಮಕ್ಕಳು ಕೈಯನ್ನು ಪದೇಪದೇ ಬಾಯಿಗಿಡುವುದು ಸ್ವಾಭಾವಿಕ. ಹೀಗಿರಲು ದೊಡ್ಡವರ ತೋಟಕ್ಕೆ ಸಾಕಾಗುವ ಮಣ್ಣು ಮಕ್ಕಳ ತೋಟಕ್ಕೆ ಸಾಲದು. ಪೀಣ್ಯದಲ್ಲಿ ಲೋಹಲೇಪನದ ಕಾರ್ಖಾನೆಗಳಿಂದ ಕ್ರೋಮಿಯಂ ಎಂಬ ಲೋಹವು ಅಂತರ್ಜಲಕ್ಕೆ ಸೇರಿರುವುದು ಪರೀಕ್ಷೆಗಳಿಂದ ಸ್ಥಿರಪಟ್ಟಿದೆ. ನೀರನ್ನು ಕಾಯಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಲೋಹವು ಹೋಗಲಾರದು. ಸೊಪ್ಪನ್ನು ತೊಳೆದರೆ ಮೇಲಣ ಧೂಳು ಹೋಗುವುದು. ಬೇರಿನ ಮೂಲಕ ಎಲೆಗೆ ಏರಿದ್ದು ಅಲ್ಲಿಯೇ ಉಳಿಯುವುದು. ಆದುದರಿಂದ ಕಾರ್ಖಾನೆ, ಗ್ಯಾರೇಜು, ಬ್ಯಾಟರಿ ಅಥವಾ ಗುಜರಿಯ ಅಂಗಡಿಗಳ ಸಮೀಪದ ನೆಲದಲ್ಲಿ ಮಕ್ಕಳಿಂದ ತರಕಾರಿ ಬೆಳೆಯಿಸಬಾರದು. ಅಂತಹ ಸ್ಥಳಗಳಲ್ಲಿ ಕುಂಡಗಳನ್ನಾಗಲಿ ಚೀಲಗಳನ್ನಾಗಲಿ ಉಪಯೋಗಿಸಿ, ಮಣ್ಣನ್ನು ಗೊತ್ತಿರುವ ಹೊಲದಿಂದ ತರಿಸುವುದು ಕ್ಷೇಮ.

ಇಲ್ಲಿ ಇನ್ನೊಂದು ಎಚ್ಚರಿಕೆಯು ಅವಶ್ಯ. ಬೇಸಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ಈ ಸೀಮೆಯ ರೈತರ ಹಳೆಯ ವಾಡಿಕೆ. ಮಳೆಯ ನೀರು ಮಾತ್ರ ಹರಿದು ಬರುತ್ತಿದ್ದ ಕೆರೆಗಳಿಗೆ ಅದು ಉತ್ತಮವಾದ ಕ್ರಮವೇ ಆಗಿತ್ತು. ಆದರೆ ವೈಟ್‌ಫೀಲ್ಡಿಗೆ ಸಮೀಪದ ವರ್ತೂರು, ಬೆಳ್ಳಂದೂರು ಕೆರೆಗಳಿಗೆ ದೀರ್ಘಕಾಲ ನಗರದ ಕೊಳಚೆಯು ಸೇರಿದೆ. ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಕಾಣಿಸಿಕೊಂಡದ್ದು ಎಲ್ಲರಿಗೂ ತಿಳಿದ ಸಂಗತಿ. ಇಂತಹ ಕೆರೆಗಳ ಹೂಳು ನೋಟಕ್ಕೆ ಎಷ್ಟೇ ಫಲವತ್ತಾಗಿದ್ದರೂ ಮಕ್ಕಳ ಪಾತಿಗೆ ಸೇರತಕ್ಕದ್ದಲ್ಲ.

ಕುಂಡಗಳಿಗೆ ಕೆಂಪುಮಣ್ಣು ಒಂದು ಭಾಗ, ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಭಾಗ, ತೆಂಗಿನ ನಾರಿನ ಪುಡಿ ಒಂದು ಭಾಗ ಸೇರಿಸಿದರೆ ಸಾಕು. ಹಸಿ ಸಗಣಿಯನ್ನು ಮಕ್ಕಳ ಕೈಗೆ ಕೊಡಬಾರದು. ಸೊಪ್ಪಿಗೆ ಆರು ಅಂಗುಲ, ಮೂಲಂಗಿಗೆ ಒಂಬತ್ತು ಅಂಗುಲ, ಬೆಂಡೆ ಮತ್ತು ಟೊಮೇಟೊಗಳಿಗೆ ಒಂದು ಅಡಿ ಆಳ ಬೇಕು. ತಾರಸಿಯ ಮೇಲೆ ಮಣ್ಣನ್ನು ಹರಡಿ ಪಾತಿ ಮಾಡುವವರು ಭಾರವನ್ನು ಲೆಕ್ಕಿಸಬೇಕು. ಒಂದು ಚದರ ಮೀಟರಿನಲ್ಲಿ ಒಂದು ಅಡಿ ದಪ್ಪದ ಹಸಿಮಣ್ಣು ಸುಮಾರು 500 ಕಿಲೋಗ್ರಾಂ ತೂಗುವುದು. ಸಾಮಾನ್ಯವಾದ ಮನೆಯ ತಾರಸಿಯು ಅದಕ್ಕಾಗಿ ಕಟ್ಟಲ್ಪಟ್ಟಿರುವುದಿಲ್ಲ.

ನೀರು. 2024ರ ಮಾರ್ಚಿಯಲ್ಲಿ ನೀರಿನ ಅಭಾವವುಂಟಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಹಾಕುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿಗಳ ದಂಡವನ್ನು ಗೊತ್ತುಮಾಡಿತು. ಮಕ್ಕಳ ತೋಟಕ್ಕಾದರೋ ಬೇಕಾಗುವ ನೀರು ಅಲ್ಪ. ಅಕ್ಕಿ, ಬೇಳೆ, ತರಕಾರಿಗಳನ್ನು ತೊಳೆದ ನೀರನ್ನು ಒಂದು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ನಾಲ್ಕೈದು ಕುಂಡಗಳಿಗೆ ಸಾಕಾಗುವುದು. ಮಳೆಗಾಲದಲ್ಲಿ ಮೊದಲನೆಯ ಮಳೆಯನ್ನು ಹರಿಯಬಿಟ್ಟು, ಧೂಳು ತೊಳೆದ ಮೇಲೆ ತಾರಸಿಯ ನೀರನ್ನು ಹಿಡಿಯಬಹುದು. ಸಾಬೂನಿನ ನೀರು, ಕುಡಿಯುವ ನೀರನ್ನು ಶೋಧಿಸುವ ಯಂತ್ರವು ಹೊರಚೆಲ್ಲುವ ಉಪ್ಪಿನ ನೀರು, ಅಪಾರ್ಟ್‌ಮೆಂಟುಗಳಲ್ಲಿ ಕೊಳಚೆಯನ್ನು ಸಂಸ್ಕರಿಸಿ ಹುಲ್ಲುಹಾಸಿಗೆ ಬಿಡುವ ನೀರು, ಈ ಮೂರೂ ಮಕ್ಕಳು ಕೈಯಿಟ್ಟು ತಿನ್ನುವ ಸೊಪ್ಪಿಗೆ ತಕ್ಕವಲ್ಲ.

ಕುಂಡದ ಅಡಿಯ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬಾರದು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ನಿಂತ ನೀರಿನ ಅಂಚಿನಲ್ಲಿಯೇ ಮೊಟ್ಟೆಯಿಟ್ಟು, ಒಂದು ವಾರದಿಂದ ಹತ್ತು ದಿವಸಗಳೊಳಗಾಗಿ ರೆಕ್ಕೆಯೊಡನೆ ಹೊರಬೀಳುವುದು. 2024ರಲ್ಲಿ ಸರ್ಕಾರವು ಈ ಜ್ವರವನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತು. ವಾರಕ್ಕೆ ಎರಡು ಬಾರಿ ತಟ್ಟೆಗಳನ್ನು ಬೋರಲು ಹಾಕುವ ಕೆಲಸವನ್ನು ಮಕ್ಕಳಿಗೇ ವಹಿಸಿದರೆ, ಅವರು ಅದನ್ನು ದೊಡ್ಡವರಿಗಿಂತಲೂ ಕಟ್ಟುನಿಟ್ಟಾಗಿ ನಡೆಯಿಸುವರು.

ಬೆಳೆಗಳ ಆಯ್ಕೆ. ಚಿಕ್ಕ ಮಗುವಿನ ಸಹನೆಯು ಅಲ್ಪಕಾಲದ್ದು. ಆದಕಾರಣ ಮೊದಲು ಬೇಗ ಮೊಳೆಯುವ ಬೆಳೆಯನ್ನೂ, ಬಳಿಕ ನಿಧಾನವಾದುದನ್ನೂ ಕೊಡತಕ್ಕದ್ದು.

(1) ಮೆಂತ್ಯ: ಅಡಿಗೆಮನೆಯ ಡಬ್ಬದಲ್ಲಿರುವ ಕಾಳೇ ಸಾಕು. ರಾತ್ರಿ ನೆನೆಹಾಕಿ ಬಿತ್ತಿದರೆ ಮೂರರಿಂದ ಐದು ದಿವಸಗಳಲ್ಲಿ ಮೊಳೆಯುವುದು. ಒಂದು ತಿಂಗಳೊಳಗೆ ಸೊಪ್ಪು ಕೊಯ್ಯಬಹುದು.

(2) ದಂಟು ಮತ್ತು ಹರಿವೆ: ಬೀಜವು ಬಹು ಸಣ್ಣದಾದುದರಿಂದ ಒಣ ಮರಳಿನೊಡನೆ ಬೆರಸಿ ಎರಚಿಸಬೇಕು.

(3) ಮೂಲಂಗಿ: ಸುಮಾರು 45 ದಿವಸಗಳ ಬೆಳೆ. ನೆಲದೊಳಗೆ ಅಡಗಿದ್ದ ಗೆಡ್ಡೆಯನ್ನು ಕಿತ್ತು ತೆಗೆಯುವ ಸಂತೋಷವು ಮಕ್ಕಳಿಗೆ ಮತ್ತಾವ ಬೆಳೆಯಲ್ಲಿಯೂ ದೊರೆಯದು.

(4) ಹುರುಳಿಕಾಯಿ ಮತ್ತು ಬೆಂಡೆ: ಬೀಜವು ದಪ್ಪವಾಗಿರುವುದರಿಂದ ಎಳೆಯ ಬೆರಳುಗಳಿಗೆ ಸುಲಭ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಹುರುಳಿಕಾಯಿಯೂ ಅರ್ಕಾ ಅನಾಮಿಕಾ ಬೆಂಡೆಯೂ ಈ ಸೀಮೆಗೆ ಒಗ್ಗಿದ ತಳಿಗಳು.

(5) ಅವರೆ: ನಾಡಿನ ಹಳೆಯ ಅವರೆಯು ಹಗಲು ಚಿಕ್ಕದಾಗುವವರೆಗೂ ಹೂ ಬಿಡದು, ಬೇಸಗೆಯಲ್ಲಿ ಬಿತ್ತಿದ ಮಗುವು ತಿಂಗಳುಗಟ್ಟಲೆ ಬರಿಯ ಎಲೆಯನ್ನೇ ನೋಡಿ ಬೇಸರಗೊಳ್ಳುವುದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಎಂಬ ಗಿಡ್ಡ ತಳಿಗಳು ಹಗಲಿನ ಉದ್ದವನ್ನು ಕಾಯದೆ ಹೂ ಬಿಡುವುವು.

(6) ರಾಗಿ: ಒಂದು ಕುಂಡದಲ್ಲಿ ನಾಲ್ಕು ಪೈರುಗಳಾದರೂ ಇರಲಿ. ಮಗುವು ದಿನವೂ ತಿನ್ನುವ ಮುದ್ದೆಯ ಮೂಲವನ್ನು ತೋರಿಸಲು ಬೇರೆ ಪಾಠವು ಬೇಕಾಗಿಲ್ಲ.

ಅಂಗಡಿಯ ಪೊಟ್ಟಣಗಳಲ್ಲಿ ಕೆಂಪು, ಹಸುರು ಮುಂತಾದ ಬಣ್ಣ ಹಚ್ಚಿದ ಬೀಜಗಳಿಗೆ ಸಾಮಾನ್ಯವಾಗಿ ವಿಷದ ಔಷಧವನ್ನು ಲೇಪಿಸಿರುವರು. ಅವುಗಳನ್ನು ಮಕ್ಕಳ ಕೈಗೆ ಕೊಡಲೇಬಾರದು. ಮೋಡ ಕವಿದ ಜೂನ್ ತಿಂಗಳು ಆರಂಭಕ್ಕೆ ಅನುಕೂಲವಾದ ಕಾಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಜಡಿಮಳೆಯಲ್ಲಿ ಎಳೆಯ ಸೊಪ್ಪಿಗೆ ಮರೆಯು ಬೇಕು.

ಮಗುವಿನ ಪಾತಿ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞನು 1840ರಲ್ಲಿ ತನ್ನ ಶಿಶುಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟವೆಂದು ಹೆಸರಿಟ್ಟನು. ಅವನು ಯೋಜಿಸಿದ ತೋಟದಲ್ಲಿ ಪ್ರತಿಯೊಂದು ಮಗುವಿಗೂ ಸ್ವಂತದ ಒಂದು ಪಾತಿ. ಅವುಗಳ ಸುತ್ತಲೂ ಎಲ್ಲರೂ ಸೇರಿ ನೋಡಿಕೊಳ್ಳುವ ಪಾತಿ. ತನ್ನ ಪಾತಿಯಲ್ಲಿ ಮಗುವು ಯಜಮಾನ. ಸುತ್ತಣ ಪಾತಿಯಲ್ಲಿ ನೆರೆಯವರಿಗೆ ಸಹಾಯಕ. ಈ ಎರಡೂ ಭಾವಗಳು ಒಟ್ಟಿಗೆ ಬೆಳೆಯುವುದರಲ್ಲಿಯೇ ಈ ವ್ಯವಸ್ಥೆಯ ಗುಣವು ಅಡಗಿದೆ.

ಪಾತಿಯು ಎರಡು ಅಡಿ ಅಗಲ, ಮೂರು ಅಡಿ ಉದ್ದವಿದ್ದರೆ ಸಾಕು. ಮಗುವು ಮಣ್ಣನ್ನು ತುಳಿಯದೆ ಎರಡು ಪಕ್ಕಗಳಿಂದಲೂ ಕೈ ಚಾಚಬಹುದು. ಅಳತೆಗೆ ಅದರ ಬೆರಳೇ ಸಾಧನ: ಮೆಂತ್ಯಕ್ಕೆ ಉಗುರು ಮುಳುಗುವಷ್ಟು, ಹುರುಳಿಕಾಯಿಗೆ ಎರಡನೆಯ ಗೆಣ್ಣಿನವರೆಗೆ. ಮೂರು ನಾಲ್ಕು ವರ್ಷದವರಿಗೆ ಚೊಂಬಿನಿಂದ ನೀರೆರೆಯುವುದು ಮತ್ತು ದಪ್ಪ ಬೀಜ ಊರುವುದು, ಐದಾರು ವರ್ಷದವರಿಗೆ ಕಳೆ ಕೀಳುವುದು, ಏಳೆಂಟು ವರ್ಷದವರಿಗೆ ಪೈರು ತೆಳುಮಾಡುವುದು ಮತ್ತು ಆಸರೆ ಕಟ್ಟುವುದು ತಕ್ಕ ಕೆಲಸಗಳು.

ತಾಯಿತಂದೆಗಳು ಸಾಮಾನ್ಯವಾಗಿ ಮಾಡುವ ಒಂದು ಉಪಕಾರವು ಇಲ್ಲಿ ಅಪಕಾರವಾಗುವುದು. ಮಗುವಿನ ಬೀಜವು ಮೊಳೆಯದಿದ್ದರೆ ಅದು ಮಲಗಿದ ಮೇಲೆ ಬೇರೊಂದು ಸಸಿಯನ್ನು ತಂದು ನೆಡುವುದು, ನೀರೆರೆಯಲು ಮರೆತರೆ ತಾವೇ ಎರೆಯುವುದು ಮುಂತಾದವು. ಬಾಡಿದ ಗಿಡವನ್ನು ಕಂಡು, ತಾನು ಎರಡು ದಿವಸ ನೀರು ಹಾಕಲಿಲ್ಲವೆಂದು ಮಗುವು ತಾನಾಗಿಯೇ ಹೇಳುವಂತಾದರೆ ಕಾರ್ಯಕ್ಕೂ ಫಲಕ್ಕೂ ಇರುವ ಸಂಬಂಧವು ಅದಕ್ಕೆ ತಿಳಿಯಿತು. ಆಗ ಗದರಿಸದೆ ಮತ್ತೆ ಬಿತ್ತಲು ಒಂದು ಹಿಡಿ ಬೀಜವನ್ನು ಕೊಡುವುದೇ ಹಿರಿಯರ ಕರ್ತವ್ಯ. ಅದೇ ರೀತಿ ಬೆಳೆದ ಸೊಪ್ಪು ಎಷ್ಟೇ ಸ್ವಲ್ಪವಾಗಿರಲಿ, ಅಂದಿನ ಸಾರಿಗೋ ಪಲ್ಯಕ್ಕೋ ಬಿದ್ದು ಮಗುವಿನ ತಟ್ಟೆಗೆ ಬರಬೇಕು. ತಾನು ಬೆಳೆದ ಸೊಪ್ಪನ್ನು ಮಗುವು ಬೇಡವೆನ್ನುವುದು ಅಪರೂಪ.

ಅಪಾಯಗಳು. ಬಾಲ್ಕನಿಯ ಕಂಬಿಗೂ ತಾರಸಿಯ ಮೋಟುಗೋಡೆಗೂ ತಾಗಿಸಿ ಕುಂಡಗಳನ್ನಿಡಬಾರದು. ಅವು ಮಗುವಿಗೆ ಮೆಟ್ಟಿಲಾಗುವುವು. ಕಣಗಿಲೆ, ಉಮ್ಮತ್ತಿ, ಹರಳಿನ ಬೀಜ, ಗುಲಗಂಜಿ ಇವು ವಿಷ. ಅಲಂಕಾರಕ್ಕಾಗಿ ಇಡುವ ಡಿಫೆನ್‌ಬೇಕಿಯಾ ಎಂಬ ಮಚ್ಚೆಯೆಲೆಯ ಗಿಡವನ್ನು ಅಗಿದರೆ ಬಾಯಿ ನಾಲಿಗೆಗಳು ಊದುವುವು. ಖಾಲಿ ನಿವೇಶನಗಳಲ್ಲಿ ಹಬ್ಬಿರುವ ಪಾರ್ಥೇನಿಯಂ ಗಿಡದಿಂದ ಚರ್ಮದ ತುರಿಯೂ ಉಬ್ಬಸವೂ ಉಂಟಾಗುವುದರಿಂದ ಅದನ್ನು ಮಕ್ಕಳಿಂದ ಕೀಳಿಸಬಾರದು. ಕೀಟನಾಶಕಗಳಿಗೆ ಈ ತೋಟದಲ್ಲಿ ಸ್ಥಳವಿಲ್ಲ. ಅವರೆಗೆ ಹೇನು ಬಿದ್ದರೆ ಕೊನೆಯನ್ನು ಚಿವುಟಿ ಹಾಕುವುದೂ, ಹೇನನ್ನು ತಿನ್ನುವ ಗುಲಗಂಜಿ ಹುಳುವನ್ನು ಗುರುತಿಸಿ ಉಳಿಸುವುದೂ ಸಾಕು. ಕೆಲಸದ ವೇಳೆಯಲ್ಲಿ ಪಾದರಕ್ಷೆ, ಕೆಲಸದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು, ಇವೆರಡೂ ತಪ್ಪಬಾರದು.

ನೆರೆಹೊರೆಯ ತೋಟ. ಒಂದೇ ಕೋಣೆಯ ಮನೆಯಲ್ಲಿ ಕುಂಡಕ್ಕೂ ಸ್ಥಳವಿರುವುದಿಲ್ಲ. ಅಂತಹ ಮಕ್ಕಳಿಗೆ ಅಂಗನವಾಡಿ ಮತ್ತು ಸರ್ಕಾರಿ ಪಾಠಶಾಲೆಗಳ ಅಂಗಳವೇ ತೋಟವಾಗಬೇಕು. ಶಾಲೆಗಳಲ್ಲಿ ಪೌಷ್ಟಿಕ ಕೈತೋಟಗಳನ್ನು ಮಾಡುವುದಕ್ಕೆ ಕೇಂದ್ರ ಸರ್ಕಾರವು 2019ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅಲ್ಲಿಯ ಸೊಪ್ಪು ಅಕ್ಷರ ದಾಸೋಹದ ಸಾಂಬಾರಿಗೆ ಸೇರಬಹುದು. ಕಾರ್ಮಿಕರ ಮಕ್ಕಳು ವರ್ಷದ ನಡುವೆಯೇ ಊರು ಬಿಟ್ಟು ಹೋಗುವುದುಂಟು. ಹಾಗೆ ಹೊರಟ ಮಗುವು ತನ್ನ ಪಾತಿಯನ್ನು ಹೊಸದಾಗಿ ಬಂದ ಮಗುವಿಗೆ ತಾನೇ ತೋರಿಸಿ ಒಪ್ಪಿಸುವ ಪದ್ಧತಿಯಿದ್ದರೆ ಗಿಡವೂ ಉಳಿಯುವುದು, ಬಂದವರಿಗೆ ಗೆಳೆತನವೂ ದೊರೆಯುವುದು. ತೆಲುಗು, ತಮಿಳು, ಹಿಂದಿ, ಒಡಿಯಾ ಮಾತನಾಡುವ ಮಕ್ಕಳು ಒಂದೇ ಪಾತಿಯ ಬಳಿ ಕುಳಿತು ಮೆಂತ್ಯಕ್ಕೆ ತಮ್ಮ ತಮ್ಮ ಭಾಷೆಯ ಹೆಸರನ್ನು ಹೇಳುವುದೂ ಒಂದು ಪಾಠವೇ. ಅಪಾರ್ಟ್‌ಮೆಂಟುಗಳ ಸಂಘದವರು ಹುಲ್ಲುಹಾಸಿನ ಒಂದು ಮೂಲೆಯನ್ನು ಇದಕ್ಕಾಗಿ ಬಿಟ್ಟುಕೊಟ್ಟು, ಅಲ್ಲಿ ದುಡಿಯುವ ಮಾಲಿ ಮತ್ತು ಕೆಲಸದವರ ಮಕ್ಕಳಿಗೂ ಪಾತಿಯನ್ನು ಗೊತ್ತುಮಾಡಿದರೆ ಆ ತೋಟವು ನಿಜವಾಗಿಯೂ ಸಾರ್ವಜನಿಕವೆನಿಸುವುದು.

ಪ್ರತಿಯೊಂದು ಪಾತಿಯಲ್ಲಿಯೂ ಚೆನ್ನಾಗಿ ಬೆಳೆದ ಒಂದು ಗಿಡವನ್ನು ಕೊಯ್ಯದೆ ಬೀಜಕ್ಕೆ ಬಿಡತಕ್ಕದ್ದು. ಕಾಯಿ ಒಣಗಿದ ಮೇಲೆ ಮಗುವೇ ಅದನ್ನು ಬಿಡಿಸಿ, ನೆರಳಿನಲ್ಲಿ ಆರಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಬೆಳೆಯ ಹೆಸರನ್ನೂ ತಿಂಗಳನ್ನೂ ಬರೆಯಲಿ. ಬರೆಯಲು ಬಾರದಿದ್ದರೆ ಎಲೆಯ ಚಿತ್ರವನ್ನು ತೆಗೆಯಲಿ. ಮುಂದಿನ ಜೂನ್ ತಿಂಗಳಲ್ಲಿ ಆ ಪೊಟ್ಟಣವನ್ನು ಬಿಚ್ಚಿ ಬಿತ್ತಿದಾಗ ಮಗುವಿನ ಮೊದಲನೆಯ ವರ್ಷದ ಪಾಠವು ಪೂರ್ತಿಯಾಗುವುದು.