ವಿದೇಶೀ ಕಾರುಗಳ ಆಮದು: ಕಾನೂನು ತೆರೆದಿಟ್ಟಿರುವ ಬಾಗಿಲುಗಳು

ಹದಿನೆಂಟು ವರ್ಷ ಕುವೈತಿನಲ್ಲಿ ದುಡಿದು ಊರಿಗೆ ಮರಳಲು ಸಿದ್ಧರಾಗಿದ್ದ ಹೆಜಮಾಡಿಯ ಕಕ್ಷಿದಾರರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅಲ್ಲಿ ತಾವು ಓಡಿಸುತ್ತಿದ್ದ ಲ್ಯಾಂಡ್ ಕ್ರೂಸರ್ ವಾಹನವನ್ನು ಜೊತೆಗೇ ತರಬೇಕೆಂಬುದು ಅವರ ಇಚ್ಛೆ. ಏಜೆಂಟನೊಬ್ಬ "ಎಲ್ಲವನ್ನೂ ಸರಿಮಾಡಿ ಕೊಡುತ್ತೇನೆ" ಎಂದು ಮುಂಗಡ ಕೇಳಿದ್ದನಂತೆ. "ನನ್ನ ಗಾಡಿ, ನನ್ನ ಹಣ, ಸುಂಕವನ್ನೂ ನಾನೇ ಕಟ್ಟುತ್ತೇನೆ. ಇನ್ನೇನು ಅಡ್ಡಿ ಸಾರ್?" ಎಂಬುದು ಅವರ ಪ್ರಶ್ನೆ. ಗಲ್ಫ್ ನಂಟಿರುವ ನಮ್ಮ ಕರಾವಳಿಯಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುವುದರಿಂದ ಸದಸ್ಯ ಬಾಂಧವರ ಗಮನಕ್ಕಾಗಿ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಅಡ್ಡಿ ಇರುವುದು ಸುಂಕದಲ್ಲಿ ಅಲ್ಲ, ಸ್ಟೀರಿಂಗಿನಲ್ಲಿ. ಗಲ್ಫ್ ರಾಷ್ಟ್ರಗಳ ವಾಹನಗಳಿಗೆ ಸ್ಟೀರಿಂಗ್ ಎಡಬದಿಯಲ್ಲಿದೆ. ನಮ್ಮ ವಿದೇಶ ವ್ಯಾಪಾರ ನೀತಿಯು ಬಳಸಿದ ಕಾರಿನ ಆಮದಿಗೆ ವಿಧಿಸಿರುವ ಷರತ್ತುಗಳಲ್ಲಿ ಮುಖ್ಯವಾದವು ಇವು: ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಬದಿಯಲ್ಲಿರಬೇಕು, ವೇಗಮಾಪಕವು ಕಿಲೋಮೀಟರಿನಲ್ಲಿರಬೇಕು, ಮುಂದೀಪಗಳು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಹಡಗೇರುವ ಮೊದಲೇ ತಪಾಸಣಾ ಪ್ರಮಾಣಪತ್ರವಿರಬೇಕು, ಇಲ್ಲಿಗೆ ಬಂದ ಮೇಲೆ ಪುಣೆಯ ಎ.ಆರ್.ಎ.ಐ.ನಂತಹ ಸಂಸ್ಥೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಪಣಂಬೂರಿನ ಬಂದರು ನಮಗೆ ಹತ್ತಿರವಿದ್ದರೂ ಬಳಸಿದ ಕಾರು ಇಳಿಯಬೇಕಾದದ್ದು ಮುಂಬೈಯಲ್ಲಿ. ಎರಡು ವರ್ಷ ನಿರಂತರವಾಗಿ ಹೊರದೇಶದಲ್ಲಿದ್ದು ಶಾಶ್ವತವಾಗಿ ಮರಳುವವರಿಗೆ, ಕಾರು ಒಂದು ವರ್ಷವಾದರೂ ಸ್ವಂತ ಸ್ವಾಧೀನದಲ್ಲಿದ್ದರೆ, ಕೆಲವು ಸಡಿಲಿಕೆಗಳುಂಟು. ಬಲಬದಿಯ ಸ್ಟೀರಿಂಗಿನ ಷರತ್ತು ಮಾತ್ರ ಆ ಸಡಿಲಿಕೆಗಳಲ್ಲಿ ಸೇರಿಲ್ಲ.

"ಇಲ್ಲಿಗೆ ತಂದ ಮೇಲೆ ಸ್ಟೀರಿಂಗ್ ಬದಲಾಯಿಸಿದರೆ?" ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ.

ಷರತ್ತುಗಳೆಲ್ಲ ಹೊಂದಿದರೂ ಲೆಕ್ಕ ಹೊಂದುವುದು ಕಷ್ಟ. ಸಿಂಗಾಪುರದಿಂದ ಬರುವ ದೊಡ್ಡ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸುಂಕಕ್ಕಾಗಿ ಮೌಲ್ಯ ಕಟ್ಟುವಾಗ ಸವಕಳಿಯನ್ನು ಮೊದಲ ವರ್ಷ ತ್ರೈಮಾಸಿಕಕ್ಕೆ ಶೇ. 4, ಎರಡನೆಯ ವರ್ಷ ಶೇ. 3, ಮೂರನೆಯ ವರ್ಷ ಶೇ. 2.5ರಂತೆ ಕಳೆಯುತ್ತಾರೆ; ಮೂರು ವರ್ಷಕ್ಕೆ ಒಟ್ಟು ಶೇ. 38. ಹೀಗೆ ಕಳೆದು, ಸಾಗಣೆ ಮತ್ತು ವಿಮೆ ಸೇರಿಸಿ ಮೌಲ್ಯ 20 ಲಕ್ಷ ರೂ. ಆಯಿತೆನ್ನಿ. 2025ರ ಮುಂಗಡಪತ್ರವು ಮೂಲ ಸುಂಕವನ್ನು ಶೇ. 125ರಿಂದ ಶೇ. 70ಕ್ಕೆ ಇಳಿಸಿತೆಂದು ಅನೇಕರು ಹಿಗ್ಗಿದರು. ಆದರೆ ಕೃಷಿ ಮೂಲಸೌಕರ್ಯ ಉಪಕರ ಶೇ. 67.5 ಸೇರಿದ್ದರಿಂದ ಒಟ್ಟು ಹೊರೆ ಹಿಂದಿನ ಶೇ. 137.5ರಲ್ಲೇ ಉಳಿಯಿತು. ಅಂದರೆ 27.5 ಲಕ್ಷ. ಈಗಾದ 47.5 ಲಕ್ಷದ ಮೇಲೆ ಶೇ. 40 ಐ.ಜಿ.ಎಸ್.ಟಿ. 19 ಲಕ್ಷ. ಒಟ್ಟು 66.5 ಲಕ್ಷ ರೂ. ರಾಜ್ಯದ ಜೀವಿತಾವಧಿ ತೆರಿಗೆ ಇದಕ್ಕೆ ಹೊರತಾದದ್ದು. ಕಾರನ್ನು ಸಂಸ್ಥೆಯ ಹೆಸರಿನಲ್ಲಿ ತಂದರೆ ಐ.ಜಿ.ಎಸ್.ಟಿ.ಯನ್ನು ಹೊಂದಾಣಿಕೆ ಮಾಡಿಕೊಳ್ಳಬಹುದೆಂಬ ನಂಬಿಕೆ ನಮ್ಮ ವರ್ತಕರಲ್ಲಿ ಬಲವಾಗಿದೆ. ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮು ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ, ಕೆಲವು ಅಪವಾದಗಳನ್ನು ಬಿಟ್ಟು, ಈ ಜಮೆಯನ್ನು ತಡೆದಿದೆ.

ಹಾಗಾದರೆ ನಮ್ಮ ಸುರಕ್ಷತಾ ಮಾನಕಗಳಿಗೆ ಒಳಪಡದ ಕಾರು ಬರುವ ದಾರಿಯೇ ಇಲ್ಲವೇ? ಇದೆ. 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಅಂತಾರಾಷ್ಟ್ರೀಯ ಮಾನಕಗಳಿಗೆ ಒಪ್ಪುವ ಹೊಸ ಕಾರುಗಳನ್ನು ವರ್ಷಕ್ಕೆ 2,500ರವರೆಗೆ ಇಲ್ಲಿನ ಪರೀಕ್ಷೆಯಿಲ್ಲದೆ ತರಲು ಅವಕಾಶ ಕೊಟ್ಟಿತು. ಇದು ತಯಾರಕರಿಗೆ ಮತ್ತು ಅವರ ಅಧಿಕೃತ ಪ್ರತಿನಿಧಿಗಳಿಗೆ ಇರುವ ಸೌಲಭ್ಯ. ಇನ್ನು ಕಾರ್ನೆ ಪತ್ರದ ಮೇಲೆ ಪ್ರವಾಸಿಗರು ತಾತ್ಕಾಲಿಕವಾಗಿ ವಾಹನ ತರಬಹುದು. ಅವಧಿ ಮುಗಿದೊಡನೆ ಅದು ದೇಶ ಬಿಡಬೇಕು. ಅರಬ್ಬೀ ಅಂಕಿಯ ಫಲಕ ಹೊತ್ತ ವಾಹನಗಳು ನಮ್ಮ ಹೆದ್ದಾರಿಯಲ್ಲಿ ಕಂಡರೆ ಅವು ಸಾಮಾನ್ಯವಾಗಿ ಈ ಬಗೆಯವು.

ಮೂರನೆಯದು ಪುರಾತನ ಕಾರುಗಳ ದಾರಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ನಿಂತು ಆಸೆಪಟ್ಟವರಿಗೆ ಇದು ಉಪಯುಕ್ತ. ಅಮೆರಿಕದಲ್ಲಿ ಇಪ್ಪತ್ತೈದು ವರ್ಷ ತುಂಬಿದ ಕಾರಿಗೆ ಅಲ್ಲಿನ ಸುರಕ್ಷತಾ ಮಾನಕಗಳಿಂದ ವಿನಾಯಿತಿ ಇದೆ. ನಮ್ಮಲ್ಲಿ ಬಹುಕಾಲ 1950ರ ಜನವರಿ 1ಕ್ಕಿಂತ ಮೊದಲು ತಯಾರಾದವುಗಳಿಗೆ ಮಾತ್ರ ಆಮದಿನ ಅವಕಾಶವಿತ್ತು. 2025ರಲ್ಲಿ ಅದನ್ನು ಐವತ್ತು ವರ್ಷದ ಲೆಕ್ಕಕ್ಕೆ ತರಲಾಯಿತು. 2021ರ ನಿಯಮಗಳಂತೆ ಇಂತಹ ವಾಹನದ ಹೊಸ ನೋಂದಣಿ ಶುಲ್ಕ 20,000 ರೂ., ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000 ರೂ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಬಳಿಕ 'ವಿ.ಎ.' ಎಂದಿರುತ್ತದೆ. ಷಾಸಿ, ಎಂಜಿನ್, ಹೊರಕವಚಗಳು ಮೂಲರೂಪದಲ್ಲಿರಬೇಕು. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬುವುದು ಮೊದಲಾದವಕ್ಕಷ್ಟೇ ರಸ್ತೆಗಿಳಿಸಬಹುದು; ದಿನವೂ ಅಂಗಡಿಗೆ ಹೋಗಿಬರಲು ಅಲ್ಲ.

ಈ ದಾರಿಗಳನ್ನು ಬಿಟ್ಟು ಬಂದ ಕಾರು ಕೈಬದಲಾಗಿ ನಮ್ಮ ಬಾಗಿಲಿಗೆ ಬಂದಾಗಲೇ ನಿಜವಾದ ಅಪಾಯ. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಸುಂಕ ಇಲಾಖೆಯು 'ಆಪರೇಷನ್ ನುಮ್‌ಖೋರ್' ಎಂಬ ಹೆಸರಿನಲ್ಲಿ ಕೇರಳದಲ್ಲಿ ದಾಳಿ ನಡೆಸಿ ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ವಶಪಡಿಸಿಕೊಂಡಿತು. ಭೂತಾನದಿಂದ ಅಕ್ರಮವಾಗಿ ತಂದು, ನಕಲಿ ದಾಖಲೆಗಳಿಂದ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಮಾರಿದ ವಾಹನಗಳಿವು ಎಂಬುದು ಇಲಾಖೆಯ ಆರೋಪ. ಎರಡನೆಯ ಖರೀದಿದಾರನು ಆಮದುದಾರನಲ್ಲವಾದ್ದರಿಂದ 28ನೆಯ ಕಲಮಿನಡಿ ಅವನಿಂದ ಸುಂಕ ಕೇಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಪೋರ್ಷೆ ಕಾರಿನ ಪ್ರಕರಣವೊಂದರಲ್ಲಿ ಹೇಳಿದೆ, ನಿಜ. ಆದರೆ ಅಕ್ರಮ ಆಮದಿನ ವಾಹನವನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ 111ನೆಯ ಕಲಮಿನಲ್ಲಿ ಹಾಗೆಯೇ ಇದೆ. ಸುಂಕ ಉಳಿದು ಕಾರು ಹೋದರೆ ಖರೀದಿದಾರನಿಗೆ ಏನು ಲಾಭ?

ಆದ್ದರಿಂದ ನೋಂದಣಿ ಪತ್ರವೊಂದನ್ನೇ ನೋಡಿ ಮುಂಗಡ ಕೊಡಬೇಡಿ. ಮೂಲ ಬಿಲ್ ಆಫ್ ಎಂಟ್ರಿಯನ್ನು ಕೇಳಿ ಪಡೆಯಿರಿ. ಅದರ ಸಂಖ್ಯೆ, ದಿನಾಂಕ, ಬಂದರನ್ನು ಸುಂಕ ಇಲಾಖೆಯ 'ಐಸ್‌ಗೇಟ್' ವ್ಯವಸ್ಥೆಯಲ್ಲಿ ತಾಳೆ ನೋಡಿ. ಅದರಲ್ಲಿನ ಷಾಸಿ ಸಂಖ್ಯೆ, ಮಾದರಿ ಮತ್ತು ತಯಾರಿಕೆಯ ವರ್ಷವನ್ನು ವಾಹನದೊಂದಿಗೇ ಹೋಲಿಸಿ. ಬಳಸಿದ ಕಾರಿನ ಬಿಲ್ಲಿನಲ್ಲಿ ಮುಂಬೈ ಅಲ್ಲದೆ ಬೇರೆ ಬಂದರಿನ ಹೆಸರಿದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಬಹುದು. ಮಾರುವವನು ಎರಡು ವರ್ಷ ಮಾರಬಾರದೆಂಬ ಷರತ್ತಿಗೆ ಒಳಪಟ್ಟಿದ್ದಾನೆಯೇ ಎಂಬುದನ್ನೂ ನೋಂದಣಿ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ನಮ್ಮ ಕಕ್ಷಿದಾರರು ಏಜೆಂಟನಿಗೆ ಮುಂಗಡ ಕೊಡಲಿಲ್ಲ. ವಾಹನವನ್ನು ಕುವೈತಿನಲ್ಲೇ ಮಾರಿ ಬಂದ ಹಣವನ್ನು ಇಲ್ಲಿನ ಎನ್.ಆರ್.ಇ. ಖಾತೆಗೆ ಕಳುಹಿಸಿದರು. ಏಜೆಂಟನು ಈಗಲೂ ಕರೆ ಮಾಡುತ್ತಿರುತ್ತಾನಂತೆ.