ಮಲ್ಪೆಯಲ್ಲಿ ಮೀನು ಕೊಳ್ಳುವ ಮುನ್ನ

ಮಲ್ಪೆಗೋ ಮರವಂತೆಗೋ ರಜೆಗೆ ಹೋದವರು ಅಡುಗೆಮನೆ ಇರುವ ಹೋಂಸ್ಟೇ ಹಿಡಿದಿದ್ದರೆ, ಒಂದು ಹೊತ್ತಾದರೂ ಮೀನು ತಂದು ತಾವೇ ಬೇಯಿಸಬೇಕು. ಆದರೆ ‘ಅಂಜಲ್ ಮೀನೇ ಬೇಕು’ ಎಂದು ತೀರ್ಮಾನಿಸಿಕೊಂಡು ಹೊರಡಬೇಡಿ. ಅಂದು ಅಂಜಲ್ ಬಂದಿರದಿದ್ದರೆ ಐಸಿನಲ್ಲಿದ್ದ ಹಳೆಯ ತುಂಡುಗಳೇ ನಿಮ್ಮ ಚೀಲ ಸೇರುತ್ತವೆ. ಬುಟ್ಟಿಯ ಮುಂದೆ ನಿಂತು ಮೊದಲು ಕೇಳಬೇಕಾದ್ದು ಇಷ್ಟೇ: ‘ಅಕ್ಕಾ, ಇವತ್ತು ಇಲ್ಲಿ ಹಿಡಿದದ್ದು ಯಾವುದು?’

ಯಾವ ದೋಣಿಯದು?

ಬೋಟಿನಿಂದ ಇಳಿಸುವುದನ್ನು ಕಣ್ಣಾರೆ ಕಂಡರೂ ಮೀನು ಆ ದಿನದ್ದೇ ಆಗಿರಬೇಕಿಲ್ಲ. ಆಳಸಮುದ್ರದ ಟ್ರಾಲ್ ಬೋಟುಗಳು ದಡಕ್ಕೆ ಮರಳುವಾಗ ವಾರ, ಹತ್ತು ದಿನ ಕಳೆದಿರುತ್ತದೆ. ಮೊದಲ ದಿನ ಬಲೆಗೆ ಬಿದ್ದದ್ದು ಅಲ್ಲಿಯವರೆಗೂ ಐಸಿನಡಿಯಲ್ಲೇ ಇರುತ್ತದೆ. ಐಸ್ ಸರಿಯಾಗಿ ಹಾಕಿದ್ದರೆ ಅದನ್ನೂ ತಿನ್ನಬಹುದು, ರುಚಿ ಮಾತ್ರ ಬೇರೆಯೇ. ನಸುಕಿನಲ್ಲಿ ಹೋಗಿ ಅಂದೇ ಮರಳುವ ನಾಡದೋಣಿಯ ಮೀನು ಸಿಕ್ಕರೆ ಬಿಡಬೇಡಿ. ದಡದಲ್ಲಿ ಸಾಲಾಗಿ ನಿಂತು ಕೈರಂಪಣಿ ಬಲೆ ಎಳೆಯುವುದು ಕಂಡರಂತೂ ಅಲ್ಲೇ ಕಾದು ನಿಲ್ಲಿ. ಬಲೆಯಿಂದ ನೇರ ಚೀಲಕ್ಕೆ ಬಂದ ಬೂತಾಯಿಯ ಮುಂದೆ ನನಗೆ ಯಾವ ದುಬಾರಿ ಮೀನೂ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ, ಆಮೇಲೆ ಇಲ್ಲಿನ ಮಾರುಕಟ್ಟೆಗೆ ಅಲ್ಲಿಯ ಮೀನು ಲಾರಿಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ಹೋದವರು ನಾಡದೋಣಿಯ ಮೀನನ್ನೋ ಹೊಳೆಮೀನನ್ನೋ ಕೇಳಿ ಪಡೆಯುವುದು ಒಳ್ಳೆಯದು.

ನೋಡಿ, ಮುಟ್ಟಿ, ಮೂಸಿ

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ. ಹಳೆಯದರದು ಗುಳಿಬಿದ್ದು ಮಬ್ಬಾಗಿರುತ್ತದೆ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು, ಕಂದಿರಬಾರದು. ಬೆರಳಿನಿಂದ ಒತ್ತಿದರೆ ಕುಳಿ ಉಳಿಯದೆ ಮಾಂಸ ಮೇಲೇಳಬೇಕು. ಬೂತಾಯಿ, ಬಂಗುಡೆಗಳಲ್ಲಿ ಹೊಟ್ಟೆಯನ್ನೇ ನೋಡಿ: ಅದು ಒಡೆದಿದ್ದರೆ ಮುಂದಿನ ಬುಟ್ಟಿಗೆ ಹೋಗಿ. ಸಿಗಡಿಯ ತಲೆ ಸಡಿಲವಾಗಿ ಜೋತಾಡಬಾರದು. ಏಡಿ ಜೀವಂತವಿರಲಿ, ಗಾತ್ರಕ್ಕಿಂತ ಭಾರವೆನಿಸಲಿ. ಅಂಜಲನ್ನು ಇಡಿಯಾಗಿ ನೋಡಿ, ಎದುರಿಗೇ ತುಂಡು ಮಾಡಿಸಿ.

ಹೆಸರು, ಬೆಲೆ

ಊರು ದಾಟಿದರೆ ಹೆಸರೂ ಬದಲು. ಮಂಗಳೂರಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ಕಾರವಾರದಲ್ಲಿ ತಾರ್ಲೆ. ಅಂಜಲ್ ಅಲ್ಲಿ ಇಸ್ವಾಣ, ಕಾಣೆ ನೋಗ್ಲಿ. ಹೆಸರು ತಿಳಿಯದಿದ್ದರೆ ಬೆರಳು ತೋರಿಸಿ ಕೇಳಿ, ಹೇಗೆ ಬೇಯಿಸಬೇಕೆಂಬುದನ್ನೂ ಅವರೇ ಹೇಳಿಕೊಡುತ್ತಾರೆ. ಸಣ್ಣ ಮೀನನ್ನು ಹಲವೆಡೆ ತೂಗುವುದಿಲ್ಲ, ನೂರು ರೂಪಾಯಿಗೆ ಇಷ್ಟೆಂದು ಲೆಕ್ಕದಲ್ಲಿ ಕೊಡುತ್ತಾರೆ. ನಾಲ್ಕು ಬುಟ್ಟಿ ಸುತ್ತಿ ಬಂದರೆ ಆ ದಿನದ ದರ ತಿಳಿಯುತ್ತದೆ. ಚೌಕಾಸಿ ಮಾಡಿ, ತಪ್ಪಿಲ್ಲ. ಆದರೆ ಕತ್ತಲಿರುವಾಗಲೇ ಬಂದರಿನ ಹರಾಜಿನಲ್ಲಿ ನಿಂತು ಕೊಂಡು ತಂದ ಆ ಹೆಂಗಸಿಗೆ ಮೀನು ಸಂಜೆಯವರೆಗೆ ಕಾಯುವುದಿಲ್ಲ ಎಂಬುದು ನೆನಪಿರಲಿ. ಬೆಲೆ ಅರ್ಧಕ್ಕೆ ಇಳಿಸಲು ಹಟ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಶುಚಿ ಮಾಡಿಸಿ, ತಣ್ಣಗಿಡಿ

ಮಾರುಕಟ್ಟೆಯಲ್ಲೇ ಸ್ವಲ್ಪ ಹಣಕ್ಕೆ ಮೀನು ಶುಚಿ ಮಾಡಿಕೊಡುವವರು ಇರುತ್ತಾರೆ. ಹುರಿಯಲೋ ಸಾರಿಗೋ ಎಂದು ಮೊದಲೇ ಹೇಳಿ, ಕತ್ತರಿಸುವ ರೀತಿ ಅದರ ಮೇಲಿದೆ. ತೂಕ ಹಾಕುವುದು ಶುಚಿ ಮಾಡುವ ಮೊದಲು, ಆದ್ದರಿಂದ ತುಸು ಹೆಚ್ಚೇ ಕೊಳ್ಳಿ. ಮುಚ್ಚಳದ ಡಬ್ಬಿ ಮನೆಯಿಂದಲೇ ಒಯ್ದಿರಿ.

ಕೊಂಡ ಮೇಲೆ ಬೀಚು, ದೇವಸ್ಥಾನ ಎಂದು ಸುತ್ತಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಂಗುಡೆ, ಬೂತಾಯಿ ಇಟ್ಟರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹೆಚ್ಚುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರಬಹುದು. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಊರಿಗೆ ಒಯ್ಯುವುದಾದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕೆಳಗೂ ಮೇಲೂ ಐಸ್ ಹಾಕಿಸಿ; ಕರಗಿದ ನೀರು ತಾಗದಂತೆ ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿರಿ. ಬಸ್ಸಿನಲ್ಲಿ ಹೋಗುವವರು ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ, ಮೀನಿನ ಪೆಟ್ಟಿಗೆಯನ್ನು ಎಲ್ಲರೂ ಹತ್ತಿಸಿಕೊಳ್ಳುವುದಿಲ್ಲ.