ಘಾಟಿ ಇಳಿಯುವಾಗ ಗಾಳಿಯ ಮೇಲೆ ಗಮನವಿರಲಿ

ಲಾರಿ, ಬಸ್ಸು ಓಡಿಸುವ ತಮ್ಮಂದಿರೇ, ಶಿರಾಡಿ, ಚಾರ್ಮಾಡಿ ಇಳಿಯುವಾಗ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ. ಎಂಜಿನ್ ಆಫ್ ಮಾಡುವುದಂತೂ ಬೇಡವೇ ಬೇಡ. ಏರ್ ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಓಡುವುದೇ ಎಂಜಿನ್ನಿನಿಂದ. ಪೆಡಲ್ ಒತ್ತಿ ಬಿಟ್ಟಾಗಲೆಲ್ಲ 'ಫುಸ್' ಎನ್ನುತ್ತದಲ್ಲ, ಅದು ಖರ್ಚಾದ ಗಾಳಿ. ಪದೇ ಪದೇ ತುಳಿದರೆ ಒತ್ತಡ ಇಳಿಯುತ್ತದೆ. ಒತ್ತಿಯೇ ಹಿಡಿದರೆ ಲೈನರ್ ಕಾದು ಹಿಡಿತ ತಪ್ಪುತ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಿ. ಗೇಜಿನ ಮುಳ್ಳು ನೋಡುತ್ತಿರಿ. ಬಜರ್ ಕೂಗಿದರೆ ಸುರಕ್ಷಿತ ಜಾಗದಲ್ಲಿ ಕೂಡಲೇ ನಿಲ್ಲಿಸಿ. ಗಾಳಿ ತೀರಾ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಡಿಯುತ್ತದೆ ನಿಜ, ಆದರೆ ಎಲ್ಲಿ ಹಿಡಿಯಬೇಕೆಂದು ಅದು ನಿಮ್ಮನ್ನು ಕೇಳುವುದಿಲ್ಲ. ಟ್ಯಾಂಕಿನಲ್ಲಿ ನಿಂತ ನೀರನ್ನು ತಪ್ಪದೆ ಬಸಿಯಿರಿ.